ಕಟ್ಟೆ ಕಟ್ಟಿದ್ದು ಭತ್ತಕ್ಕೆ

ಯುಗಾದಿಯ ಹೊತ್ತಿಗೆ ಹೊಳೆ ಬಡವಾಗುತ್ತದೆ. ಹಕ್ಕಿ ನೋಡುವವರು ಆಗ ನಾಲೆಯ ಏರಿ ಹಿಡಿಯುತ್ತಾರೆ. ಕೋಲಾರ್ ಎಂಬ ಹೊಳೆಯ ದಡದಲ್ಲಿರುವ ನಾಗ್ಪುರ ಜಿಲ್ಲೆಯ ಸಾವನೇರ್ ಆಗಲಿ, ಕಾವೇರಿಯ ಶ್ರೀರಂಗಪಟ್ಟಣವಾಗಲಿ, ಬೇಸಿಗೆಯ ಲೆಕ್ಕ ಒಂದೇ: ನೀರು ನಿಂತಲ್ಲಿ ಮೀನು, ಮೀನಿದ್ದಲ್ಲಿ ಕೊಕ್ಕರೆ. ಶ್ರೀರಂಗಪಟ್ಟಣದಲ್ಲಿ ಈ ಲೆಕ್ಕಕ್ಕೊಂದು ಹಳೆಯ ಚರಿತ್ರೆಯೂ ಇದೆ.

ರಣಧೀರ ಕಂಠೀರವ ನರಸರಾಜ ಒಡೆಯರು ಮೈಸೂರನ್ನು ಆಳಿದ್ದು 1638ರಿಂದ 1659ರವರೆಗೆ. 1645–48ರ ನಡುವೆ ಅವರು ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿಸಿದರು. ಬಂಗಾರದೊಡ್ಡಿ ನಾಲೆಯೂ ಅವರ ಕಾಲದ್ದೇ. ಉದ್ದೇಶ ಗದ್ದೆ, ತೋಟ, ಕಂದಾಯ. ಹಕ್ಕಿಯ ಮಾತು ಅಲ್ಲಿ ಬಂದಿರಲಾರದು. ಆದರೆ ಕಟ್ಟೆಯ ಹಿಂದೆ ನೀರು ಏರಿದಾಗ ಹೊಳೆಯೊಳಗಿನ ಎತ್ತರದ ನೆಲ ಮುಳುಗದೆ ಉಳಿದು ನಡುಗಡ್ಡೆಗಳಾದವು. ತಿಟ್ಟು ಎಂದರೆ ದಿಬ್ಬ. ರಂಗನತಿಟ್ಟು ಎಂಬ ಹೆಸರಿನಲ್ಲಿ ದೇವರೂ ಇದ್ದಾನೆ, ನೆಲದ ಆಕಾರವೂ ಇದೆ, ಹಕ್ಕಿಯೊಂದು ಇಲ್ಲ.

ಹಕ್ಕಿಗಳಿಗೆ ಬೇಕಾದದ್ದು ಇಷ್ಟೇ ಆಗಿತ್ತು. ಸುತ್ತ ನೀರು, ನೀರಿನಲ್ಲಿ ಮೊಸಳೆ. ಬೆಕ್ಕು, ನರಿ ಗೂಡಿನ ಬುಡಕ್ಕೆ ಬರುವುದು ಕಷ್ಟ. ಊಟಕ್ಕೆ ನಾಲೆ ಮತ್ತು ನಾಲೆಯ ಕೆಳಗಿನ ಗದ್ದೆ. ಬಾಯ್ಕಳಕ ಕೊಕ್ಕರೆಯನ್ನೇ ನೋಡಿ. ಮುಚ್ಚಿದರೂ ನಡುವೆ ಸಂದು ಉಳಿಯುವ ಕೊಕ್ಕು ಅದರದು. ಹೆಸರಲ್ಲೇ ಆ ಬಾಯಿ ಇದೆ. ಮರಿಗೆ ಈ ಸಂದು ಇರುವುದಿಲ್ಲ, ಬೆಳೆದ ಮೇಲೆ ಬರುತ್ತದೆ. ಕೆಸರಿನ ಬಸವನಹುಳುವನ್ನು ಚಿಪ್ಪಿನಿಂದ ಬಿಡಿಸಿ ತಿನ್ನುವುದರಲ್ಲಿ ಇದನ್ನು ಮೀರಿಸುವವರಿಲ್ಲ. ರೈತ ನೀರು ಕಟ್ಟಿದ ಭತ್ತದ ಗದ್ದೆ ಅದಕ್ಕೆ ಹಾಸಿಟ್ಟ ಎಲೆ.

1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದ ಸಲೀಂ ಅಲಿ ಈ ನಡುಗಡ್ಡೆಗಳನ್ನು ಕಂಡು, ಇವನ್ನು ಕಾಯಬೇಕೆಂದು ಅರಮನೆಯ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ತಾಣ. ವಿಸ್ತೀರ್ಣ ಒಂದು ಚದರ ಕಿಲೋಮೀಟರಿನಷ್ಟೂ ಇಲ್ಲ, 0.67. ಈ ಕತೆ ಹೇಳುವವರು ಸಾಮಾನ್ಯವಾಗಿ ಸಲೀಂ ಅಲಿಯವರಿಂದಲೇ ಶುರುಮಾಡುತ್ತಾರೆ. ಅದು ಅರ್ಧ ನ್ಯಾಯ. ಅವರು ಬರುವ ಹೊತ್ತಿಗೆ, ಹೆಸರು ಉಳಿಯದ ಒಡ್ಡರ ಮತ್ತು ಕೂಲಿಯವರ ಕೈಕೆಲಸಕ್ಕೆ ಸುಮಾರು 290 ವರ್ಷವಾಗಿತ್ತು.

‘ಮುಟ್ಟದ ಪ್ರಕೃತಿ’ ಎಂಬ ಮಾತು ಇಲ್ಲಿ ಹೊಂದುವುದಿಲ್ಲ. ಹೊಳೆಯ ಮೇಲ್ಗಡೆ, 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಅಣೆಕಟ್ಟು ನಿಂತಿದೆ. ಅದರ ನೀರಿಗೆ ಬೆಂಗಳೂರು, ಮೈಸೂರು, ಮಂಡ್ಯದ ಗದ್ದೆ, ತಮಿಳುನಾಡು ಕಾದಿರುತ್ತವೆ. ಆ ಸಾಲಿನಲ್ಲಿ ಕೊಕ್ಕರೆಗೆ ಚೀಟಿಯಿಲ್ಲ. ಫೆಬ್ರುವರಿ-ಮಾರ್ಚಿನಲ್ಲಿ ಬಣ್ಣದ ಕೊಕ್ಕರೆ ಕಡ್ಡಿ ಹೊತ್ತು ತರುವಾಗ ಹೊಳೆ ಮೆತ್ತಗಿರುತ್ತದೆ. ಬೇಗ ಗೂಡು ಕಟ್ಟಿದವುಗಳ ಮರಿ ಮಳೆಗಾಲದೊಳಗೆ ಹಾರಲು ಕಲಿಯುತ್ತವೆ. ತಡಮಾಡಿದವು ತಗ್ಗಿನ ಕೊಂಬೆ ಹಿಡಿದಿದ್ದರೆ, ಅಣೆಕಟ್ಟು ತುಂಬಿ ಗೇಟು ಎತ್ತಿದ ದಿನ ಗೂಡಿನವರೆಗೆ ನೀರು ಬರುತ್ತದೆ. ದೋಣಿವಿಹಾರ ಅಂದು ಬಂದ್.