ಪೊಲೀಸ್ ಸೇವೆಯ ಮುಂಬಡ್ತಿ ಮತ್ತು ಆಯ್ಕೆ: ನ್ಯಾಯಾಲಯದ ಮೆಟ್ಟಿಲೇರಿದ ವಿವಾದಗಳು

ಸರಕಾರದ ಇತರ ಇಲಾಖೆಗಳಲ್ಲಿ ನೌಕರನ ದರ್ಜೆ ಸಂಬಳದ ಚೀಟಿಯಲ್ಲಿ ಕಾಣುತ್ತದೆ. ಪೊಲೀಸ್ ಇಲಾಖೆಯಲ್ಲಿ ಅದು ಭುಜದ ಮೇಲೆಯೇ ಕಾಣುತ್ತದೆ. ನಿನ್ನೆಯವರೆಗೆ ತನ್ನ ಕೈಕೆಳಗೆ ದುಡಿದವನಿಗೆ ಇಂದು ಸೆಲ್ಯೂಟ್ ಹೊಡೆಯಬೇಕಾಗಿ ಬಂದವನ ಸಂಕಟವನ್ನು ಬಲ್ಲವರಿಗೆ, ಜ್ಯೇಷ್ಠತಾ ಪಟ್ಟಿಯ ಒಂದು ಕ್ರಮಸಂಖ್ಯೆಗಾಗಿ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆಯುವವರ ಹಠವೂ ಅರ್ಥವಾದೀತು. ಹೊರನಾಡಿನಲ್ಲಿ ನೆಲೆಸಿದ ನಮ್ಮ ಕುಟುಂಬಗಳ ತರುಣರು ಆಯಾ ರಾಜ್ಯಗಳ ಪೊಲೀಸ್ ಪರೀಕ್ಷೆಗಳಿಗೆ ಕುಳಿತುಕೊಳ್ಳುತ್ತಿರುವುದರಿಂದ, ಈ ವ್ಯಾಜ್ಯಗಳ ಸ್ವರೂಪವನ್ನು ವಾಚಕರು ಅರಿತಿರುವುದು ಒಳಿತು.

ಮೊದಲು ತಿಳಿಯಬೇಕಾದದ್ದು ಎಲ್ಲಿಗೆ ಹೋಗಬೇಕು ಎಂಬುದು. ಭಾರತೀಯ ಪೊಲೀಸ್ ಸೇವೆಯ ಅಧಿಕಾರಿಗಳಿಗೂ ದೆಹಲಿ ಪೊಲೀಸರಿಗೂ 1985ರಲ್ಲಿ ಆರಂಭವಾದ ಕೇಂದ್ರೀಯ ಆಡಳಿತ ನ್ಯಾಯಮಂಡಳಿಯೇ ಮೊದಲ ಕಟ್ಟೆ. ಕರ್ನಾಟಕದ ಪೇದೆ, ಸಬ್ ಇನ್‌ಸ್ಪೆಕ್ಟರರಿಗೆ 1986ರಿಂದ, ಮಹಾರಾಷ್ಟ್ರದವರಿಗೆ 1991ರಿಂದ ರಾಜ್ಯದ ಆಡಳಿತ ನ್ಯಾಯಮಂಡಳಿಗಳಿವೆ. ತಮಿಳುನಾಡು, ಆಂಧ್ರಪ್ರದೇಶ, ತೆಲಂಗಾಣಗಳಲ್ಲಿ ರಾಜ್ಯ ಮಂಡಳಿಗಳು ರದ್ದಾಗಿರುವುದರಿಂದ ಅಲ್ಲಿನವರು ನೇರವಾಗಿ ಉಚ್ಚ ನ್ಯಾಯಾಲಯಕ್ಕೆ ಹೋಗುತ್ತಾರೆ. ಮಂಡಳಿಯ ಆದೇಶವನ್ನು ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠದ ಮುಂದೆ ಪ್ರಶ್ನಿಸಬಹುದೆಂದು 1997ರ ಚಂದ್ರಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಅರ್ಜಿದಾರನಿಗೆ ಇದರಿಂದ ಒಂದು ಮೆಟ್ಟಿಲು ಹೆಚ್ಚಾಯಿತು. ಎದುರು ಪಕ್ಷಕ್ಕೂ ಅಷ್ಟೇ.

ಎರಡನೆಯದು, ಕೇಳಬೇಕಾದದ್ದು ಏನು ಎಂಬುದು. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಮುಂಬಡ್ತಿ ಯಾರ ಹಕ್ಕೂ ಅಲ್ಲ. ಮುಂಬಡ್ತಿಗೆ ಪರಿಗಣಿಸಲ್ಪಡುವುದು ಮಾತ್ರ ಹಕ್ಕು. ಅದು ಸಂವಿಧಾನದ 16ನೆಯ ವಿಧಿಯಿಂದ ಬರುವ ಮೂಲಭೂತ ಹಕ್ಕೆಂದು 1999ರ ಅಜಿತ್ ಸಿಂಗ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಸ್ಪಷ್ಟಪಡಿಸಿತು. ಇದರ ಬೀಜ ನಮ್ಮ ಮೈಸೂರು ರಾಜ್ಯದ್ದೇ ಒಂದು ಮೊಕದ್ದಮೆಯಲ್ಲಿದೆ. 1968ರ ಸೈಯದ್ ಮಹಮೂದ್ ಪ್ರಕರಣದಲ್ಲಿ ಉಚ್ಚ ನ್ಯಾಯಾಲಯವು ನೌಕರರಿಗೆ ಬಡ್ತಿ ಕೊಡಿರೆಂದೇ ಸರಕಾರಕ್ಕೆ ಆಜ್ಞಾಪಿಸಿತ್ತು. ಸರ್ವೋಚ್ಚ ನ್ಯಾಯಾಲಯ ಅದನ್ನು ತಿದ್ದಿ, ಬಡ್ತಿ ಕೊಡುವುದು ಸರಕಾರದ ಕೆಲಸ, ಅವರ ಹೆಸರನ್ನು ನಿಯಮದಂತೆ ಪರಿಗಣಿಸಿರೆಂದು ಹೇಳುವುದಷ್ಟೇ ನ್ಯಾಯಾಲಯದ ಕೆಲಸವೆಂದಿತು. ಅಂದಿನಿಂದ ಇಂದಿನವರೆಗೆ ಈ ಗೆರೆ ಹೆಚ್ಚು ಕದಲಿಲ್ಲ. ಗೆದ್ದ ಅರ್ಜಿದಾರನ ಕೈಗೆ ಬರುವುದು ಹುದ್ದೆಯಲ್ಲ, ಸಮಿತಿ ಮತ್ತೊಮ್ಮೆ ಕೂಡಬೇಕೆಂಬ ಆದೇಶ. ಅಷ್ಟರಲ್ಲಿ ನಿವೃತ್ತಿಯ ದಿನ ಬಂದುಬಿಟ್ಟಿರುವುದೂ ಉಂಟು.

ಪರಿಗಣನೆ ಎಂದರೆ ಹಾಳೆಯ ಮೇಲೆ ಹೆಸರು ಬರೆದು ದಾಟಿಸುವುದಲ್ಲ. ಇಲಾಖಾ ವಿಚಾರಣೆ ಬಾಕಿಯಿದೆ ಎಂಬ ನೆಪದಲ್ಲಿ ಸಮಿತಿಯ ನಿರ್ಣಯವನ್ನು ಮೊಹರು ಮಾಡಿದ ಲಕೋಟೆಯಲ್ಲಿಡುವ ರೂಢಿಯಿದೆ. ದೋಷಾರೋಪಣ ಪಟ್ಟಿಯನ್ನು ಜಾರಿ ಮಾಡಿದ ಮೇಲೆ ಮಾತ್ರ ಹಾಗೆ ಮಾಡಬಹುದು, ಬರಿಯ ದೂರು ಅಥವಾ ಪ್ರಾಥಮಿಕ ತನಿಖೆ ಸಾಲದೆಂದು 1991ರ ಜಾನಕಿರಾಮನ್ ತೀರ್ಪು ಹೇಳಿತು. ವಾರ್ಷಿಕ ಗೌಪ್ಯ ವರದಿಯ ಕಥೆ ಇನ್ನೂ ಸ್ವಾರಸ್ಯಕರ. 2008ರ ದೇವ್ ದತ್ ಪ್ರಕರಣದ ಅರ್ಜಿದಾರರು ಪೊಲೀಸರಲ್ಲ, ಗಡಿ ರಸ್ತೆ ಸಂಸ್ಥೆಯ ಎಂಜಿನಿಯರ್. ಒಂದು ವರ್ಷದ ವರದಿಯಲ್ಲಿ ಅವರಿಗೆ ‘ಉತ್ತಮ’ ಎಂದು ಬರೆದಿದ್ದರು. ಬಡ್ತಿಗೆ ಬೇಕಾದದ್ದು ‘ಅತ್ಯುತ್ತಮ’. ಹೊಗಳಿಕೆಯೇ ಕುತ್ತಾಯಿತು, ಅದೂ ಅವರಿಗೆ ತಿಳಿಯದಂತೆ. ವರದಿಯ ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಲೇಬೇಕೆಂದು ಅಂದು ಹಾಕಿಕೊಟ್ಟ ನಿಯಮ ಪೊಲೀಸ್ ಸಿಬ್ಬಂದಿಗೂ ಆಸರೆಯಾಗಿದೆ.

ಜನರ ಗಮನವನ್ನು ಹೆಚ್ಚು ಸೆಳೆದದ್ದು ಮಾತ್ರ ಅತ್ಯುನ್ನತ ಹುದ್ದೆಯಾದ ಪೊಲೀಸ್ ಮಹಾನಿರ್ದೇಶಕರ ಆಯ್ಕೆ. ನಿವೃತ್ತ ಅಧಿಕಾರಿ ಪ್ರಕಾಶ್ ಸಿಂಗ್ ಅವರು 1996ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ 2006ರ ಸೆಪ್ಟೆಂಬರ್ 22ರಂದು ಸರ್ವೋಚ್ಚ ನ್ಯಾಯಾಲಯ ಏಳು ನಿರ್ದೇಶನಗಳನ್ನು ಕೊಟ್ಟಿತು. ಕೇಂದ್ರ ಲೋಕಸೇವಾ ಆಯೋಗವು ಸೇವಾವಧಿ, ದಾಖಲೆ, ಅನುಭವಗಳನ್ನು ನೋಡಿ ಸಿದ್ಧಪಡಿಸುವ ಮೂವರು ಹಿರಿಯರ ಪಟ್ಟಿಯಿಂದಲೇ ರಾಜ್ಯ ಸರಕಾರ ಒಬ್ಬರನ್ನು ಆರಿಸಬೇಕು, ಅವರಿಗೆ ಕನಿಷ್ಠ ಎರಡು ವರ್ಷಗಳ ಅವಧಿ ಇರಬೇಕು ಎಂಬುದು ಅವುಗಳಲ್ಲೊಂದು. ಡಿವೈಎಸ್‌ಪಿ ಮತ್ತು ಕೆಳಗಿನವರ ವರ್ಗಾವಣೆ, ಬಡ್ತಿಗಳನ್ನು ನಿರ್ಣಯಿಸಲು ಪೊಲೀಸ್ ಸಿಬ್ಬಂದಿ ಮಂಡಳಿ ರಚಿಸಬೇಕೆಂಬುದು ಇನ್ನೊಂದು. ಎರಡನೆಯದರ ಬಗ್ಗೆ ಪತ್ರಿಕೆಗಳು ಹೆಚ್ಚು ಬರೆಯಲಿಲ್ಲ, ಆದರೆ ಸಾವಿರಾರು ಸಂಸಾರಗಳಿಗೆ ಸಂಬಂಧಿಸಿದ್ದು ಅದೇ.

ಆ ಬಳಿಕ ನಗರದಿಂದ ನಗರಕ್ಕೆ ವಿವಾದ ಹಬ್ಬಿತು. ಮಹಾರಾಷ್ಟ್ರದಲ್ಲಿ 2008ರಲ್ಲಿ ಎ.ಎನ್. ರಾಯ್ ಮಹಾನಿರ್ದೇಶಕರಾದಾಗ ಸೇವೆಯಲ್ಲಿ ಅವರಿಗಿಂತ ಹಿರಿಯರಾದವರು ನ್ಯಾಯಮಂಡಳಿಗೆ ಹೋದರು. ನೇಮಕ ರದ್ದಾಯಿತು, ಮುಂಬಯಿ ಉಚ್ಚ ನ್ಯಾಯಾಲಯವೂ 2009ರಲ್ಲಿ ಅದನ್ನೇ ಎತ್ತಿಹಿಡಿಯಿತು, ಎಸ್.ಎಸ್. ವಿರ್ಕ್ ಅಧಿಕಾರ ವಹಿಸಿಕೊಂಡರು. ಚೆನ್ನೈಯಲ್ಲಿ 2010ರ ಜನವರಿಯಲ್ಲಿ ನೇಮಕಗೊಂಡ ಲತಿಕಾ ಶರಣ್ ಅವರ ಆಯ್ಕೆಯನ್ನು ಆರ್. ನಟರಾಜ್ ಪ್ರಶ್ನಿಸಿದರು. ಮದರಾಸು ಉಚ್ಚ ನ್ಯಾಯಾಲಯ ಅಕ್ಟೋಬರಿನಲ್ಲಿ ನೇಮಕವನ್ನು ರದ್ದುಗೊಳಿಸಿತು. ಲೋಕಸೇವಾ ಆಯೋಗದ ಪಟ್ಟಿ ಬಂದ ಮೇಲೆ ಸರಕಾರ ಮತ್ತೆ ಅವರನ್ನೇ ಆರಿಸಿತು! ವ್ಯಕ್ತಿಯ ಮೇಲಲ್ಲ, ಕ್ರಮದ ಮೇಲೆ ನ್ಯಾಯಾಲಯದ ಕಣ್ಣಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು.

ಬೆಂಗಳೂರಿನ ಪ್ರಕರಣವಂತೂ ಕನ್ನಡಿಗರಿಗೆ ನೆನಪಿರುವಂಥದ್ದೇ. 2011ರ ನವೆಂಬರ್ ಕೊನೆಯಲ್ಲಿ ಶಂಕರ ಬಿದರಿಯವರು ಮಹಾನಿರ್ದೇಶಕರಾದರು. ಹಿರಿಯರಾದ ಎ.ಆರ್. ಇನ್‌ಫಂಟ್ ಕೇಂದ್ರೀಯ ನ್ಯಾಯಮಂಡಳಿಯ ಬೆಂಗಳೂರು ಪೀಠಕ್ಕೆ ಮೊರೆಹೋದರು. 2012ರ ಮಾರ್ಚಿನಲ್ಲಿ ಮಂಡಳಿ ನೇಮಕವನ್ನು ರದ್ದುಪಡಿಸಿತು; ಅದೇ ತಿಂಗಳು ಉಚ್ಚ ನ್ಯಾಯಾಲಯವೂ ಒಪ್ಪಿತು. ಬಿದರಿಯವರ ನಿವೃತ್ತಿಗೆ ಆಗ ಉಳಿದಿದ್ದುದು ಎರಡೇ ತಿಂಗಳು.

ಹಂಗಾಮಿ ಮಹಾನಿರ್ದೇಶಕರೆಂಬ ಉಪಾಯದಿಂದ ಕೆಲವು ರಾಜ್ಯಗಳು ಈ ಕಟ್ಟಳೆಯನ್ನು ತಪ್ಪಿಸಿಕೊಳ್ಳುತ್ತಿದ್ದುದರಿಂದ, 2018ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಪದ್ಧತಿಯನ್ನು ನಿಷೇಧಿಸಿತು. ಕನಿಷ್ಠ ಆರು ತಿಂಗಳ ಸೇವೆ ಉಳಿದವರನ್ನು ಪಟ್ಟಿಗೆ ಪರಿಗಣಿಸಬೇಕೆಂದು 2019ರ ಮಾರ್ಚಿನಲ್ಲಿ ವಿವರಿಸಿತು. ದೆಹಲಿಯ ಪೊಲೀಸ್ ಆಯುಕ್ತರಾಗಿ ರಾಕೇಶ್ ಅಸ್ಥಾನಾ ಅವರನ್ನು 2021ರಲ್ಲಿ ನಿವೃತ್ತಿಗೆ ನಾಲ್ಕು ದಿನ ಮುನ್ನ ನೇಮಿಸಿದಾಗ ಇದೇ ತೀರ್ಪನ್ನು ಮುಂದಿಟ್ಟು ಅರ್ಜಿಗಳು ಬಂದವು. ರಾಜ್ಯಗಳ ಮಹಾನಿರ್ದೇಶಕರಿಗೆ ಅನ್ವಯಿಸುವ ನಿಯಮ ದೆಹಲಿಯ ಆಯುಕ್ತರಿಗೆ ಅನ್ವಯಿಸದೆಂದು ಅಲ್ಲಿನ ಉಚ್ಚ ನ್ಯಾಯಾಲಯ ಅಕ್ಟೋಬರಿನಲ್ಲಿ ಅವನ್ನು ತಳ್ಳಿಹಾಕಿತು. ರಾಜಧಾನಿಗೆ ಮಾತ್ರ ಬೇರೆ ನ್ಯಾಯವೇಕೆಂಬ ಪ್ರಶ್ನೆ ಓದುಗರಲ್ಲಿ ಮೂಡಿದರೆ ಆಶ್ಚರ್ಯವಿಲ್ಲ.

ಹೈದರಾಬಾದಿನಲ್ಲಿ ನಡೆದದ್ದು ಬೇರೆಯೇ ಬಗೆಯದು. 1975ರ ರಾಷ್ಟ್ರಪತಿ ಆದೇಶದ 14ನೆಯ ಪರಿಚ್ಛೇದದ ‘ಎಫ್’ ಉಪಖಂಡವು ಅಲ್ಲಿನ ನಗರ ಪೊಲೀಸ್ ಹುದ್ದೆಗಳನ್ನು ಸ್ಥಳೀಯರ ಮೀಸಲಾತಿಯಿಂದ ಹೊರಗಿಟ್ಟಿತ್ತು. 2009ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದಾಗ, ಸೇವಾ ನಿಯಮದ ಒಣ ವ್ಯಾಜ್ಯವೊಂದು ತೆಲಂಗಾಣ ಚಳವಳಿಗೆ ಕಿಡಿಯಾಯಿತು. 2011ರ ಆಗಸ್ಟಿನಲ್ಲಿ ಆ ಉಪಖಂಡವನ್ನೇ ತೆಗೆದುಹಾಕಲಾಯಿತು.

ಮೀಸಲಾತಿಯ ಬಡ್ತಿಯ ಪ್ರಶ್ನೆಯಲ್ಲಿ ನೋವು ಎರಡೂ ಕಡೆಗಿದೆ. ಕರ್ನಾಟಕದ 2002ರ ತತ್ಪರಿಣಾಮ ಜ್ಯೇಷ್ಠತಾ ಕಾಯಿದೆಯನ್ನು 2017ರಲ್ಲಿ ಬಿ.ಕೆ. ಪವಿತ್ರಾ ಪ್ರಕರಣದಲ್ಲಿ ಅಸಿಂಧುಗೊಳಿಸಲಾಯಿತು. ಅಂಕಿಅಂಶಗಳ ಬೆಂಬಲದೊಂದಿಗೆ ಬಂದ 2018ರ ಕಾಯಿದೆಯನ್ನು 2019ರ ಮೇ 10ರಂದು ಎತ್ತಿಹಿಡಿಯಲಾಯಿತು. ಇಲಾಖೆಗಳ ಪಟ್ಟಿಗಳು ಒಮ್ಮೆ ಮಗುಚಿ, ಮತ್ತೆ ಮಗುಚಿದವು. 2018ರ ಅಕ್ಟೋಬರಿನಲ್ಲಿ ನಾಸಿಕದ ಪೊಲೀಸ್ ಅಕಾಡೆಮಿಯಲ್ಲಿ ತರಬೇತಿ ಮುಗಿಸಿದ 154 ಮಂದಿ ಸಬ್ ಇನ್‌ಸ್ಪೆಕ್ಟರರನ್ನು, ನಿರ್ಗಮನ ಪಥಸಂಚಲನದ ಬೆನ್ನಿಗೇ, ಮಹಾರಾಷ್ಟ್ರದ ನ್ಯಾಯಮಂಡಳಿಯ ಆದೇಶದ ಪರಿಣಾಮವಾಗಿ ಮೂಲ ಹುದ್ದೆಗೆ ಹಿಂದಿರುಗಿಸುವ ಆಜ್ಞೆ ಹೊರಟಿತು. ಹೆತ್ತವರ ಕಣ್ಣೆದುರು ತೊಟ್ಟ ನಕ್ಷತ್ರ ಅದು.

ನೇರ ನೇಮಕಾತಿಯಲ್ಲಿ ಈಚಿನ ಪ್ರಮುಖ ವ್ಯಾಜ್ಯ ಕರ್ನಾಟಕದ 545 ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳದ್ದು. 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯಲ್ಲಿ ಅಕ್ರಮ ಹೊರಬಿದ್ದು, 2022ರ ಏಪ್ರಿಲ್ 29ರಂದು ಸರಕಾರ ಇಡೀ ಆಯ್ಕೆಯನ್ನೇ ರದ್ದುಗೊಳಿಸಿತು. ಕಳಂಕಿತರನ್ನು ಬೇರ್ಪಡಿಸಿ ಉಳಿದವರನ್ನು ಉಳಿಸಿಕೊಳ್ಳಿರೆಂದು ಆಯ್ಕೆಯಾಗಿದ್ದ ಅಭ್ಯರ್ಥಿಗಳು ಉಚ್ಚ ನ್ಯಾಯಾಲಯವನ್ನು ಪ್ರಾರ್ಥಿಸಿದರು. ಪ್ರಾಮಾಣಿಕವಾಗಿ ಬರೆದವರ ಪಾಲಿಗೆ ಅದು ನ್ಯಾಯವಾದ ಬೇಡಿಕೆಯೇ. ಆದರೆ ನ್ಯಾಯಾಲಯ 2023ರ ನವೆಂಬರ್ 10ರಂದು ರದ್ದತಿಯನ್ನು ಒಪ್ಪಿ, ಸ್ವತಂತ್ರ ಸಂಸ್ಥೆಯಿಂದ ಮರುಪರೀಕ್ಷೆ ನಡೆಸಲು ಆದೇಶಿಸಿತು. 2024ರ ಜನವರಿ 23ರಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಆ ಪರೀಕ್ಷೆಯನ್ನು ನಡೆಸಿತು. ಮೊದಲ ಸಲ ಬರೆದವರಿಗೆ ಅಷ್ಟರಲ್ಲಿ ವಯಸ್ಸು ಎರಡು ವರ್ಷ ಮೂರು ತಿಂಗಳು ಹೆಚ್ಚಾಗಿತ್ತು.