ನಲ್ಲಿ ನಿಂತ ದಿನ ಬಾವಿ ನೆನಪಾಗುತ್ತದೆ: ಕಿಲ್ಲಾರಿ ಹೇಳುವ ಪಾಠ

ಹರಿಹರ ತಾಲ್ಲೂಕಿನ ರಾಜನಹಳ್ಳಿ ಬಳಿ ತುಂಗಭದ್ರೆಯಿಂದ ಎತ್ತಿದ ನೀರು, ಭದ್ರಾ ನಾಲೆಯಿಂದ ಕುಂದುವಾಡ ಕೆರೆಗೆ ತುಂಬಿಸಿದ ನೀರು ದಾವಣಗೆರೆ ನಗರಕ್ಕೆ ಪೈಪಿನಲ್ಲಿ ಬರುತ್ತದೆ. ನಮ್ಮ ಹಳ್ಳಿಗಳಲ್ಲಿ ಬೋರ್‌ವೆಲ್, ಓವರ್‌ಹೆಡ್ ಟ್ಯಾಂಕ್, ಮನೆ ಮುಂದೆ ನಲ್ಲಿ. ಎಲ್ಲದಕ್ಕೂ ಕರೆಂಟ್ ಬೇಕು, ಪೈಪ್ ಗಟ್ಟಿ ಇರಬೇಕು. ಭೂಮಿ ನಡುಗಿದರೆ ಮೊದಲು ಕೈಕೊಡುವುದು ಇವೆರಡೇ.

‘ನಮ್ಮ ಕಡೆ ಎಲ್ಲಿಯ ಭೂಕಂಪ?’ ಎಂದು ಕೇಳಬಹುದು. 1843ರಲ್ಲಿ ಬಳ್ಳಾರಿ ಕಡೆ ಭೂಮಿ ನಡುಗಿದ ದಾಖಲೆ ಇದೆ. ಅದು ಹಳೆಯ ಮಾತಾಯಿತು ಎಂದರೆ, ಬೀದರ್, ಕಲಬುರಗಿಯ ಗಡಿಯಾಚೆ ಇರುವ ಲಾತೂರ್ ಜಿಲ್ಲೆಯ ಕಿಲ್ಲಾರಿಯನ್ನು ನೋಡಿ. ಆಗಿನ ಭೂಕಂಪ ನಕ್ಷೆಯಲ್ಲಿ ಆ ಊರು ಅತಿ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು. 1992ರಲ್ಲೇ ಅಲ್ಲಿ ಸಣ್ಣ ಕಂಪನಗಳಾದವು. ಜನ ಅದಕ್ಕೂ ಒಗ್ಗಿಕೊಂಡರು.

1993ರ ಸೆಪ್ಟೆಂಬರ್ 30. ಗಣಪತಿ ಬಿಟ್ಟು ಬಂದು ಜನ ಮಲಗಿದ್ದರು. ನಸುಕಿನ ನಾಲ್ಕರ ಹೊತ್ತಿಗೆ 6.2 ತೀವ್ರತೆಯ ಭೂಕಂಪ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು ಕುಸಿದು ಸುಮಾರು 10,000 ಜನ ಸತ್ತರು. ಇಂಥ ಮನೆ ಬಿದ್ದರೆ ಹಂಡೆ, ಕೊಡ, ಹಗ್ಗ ಎಲ್ಲ ಕಲ್ಲಿನಡಿ. ಬದುಕಿ ಉಳಿದವರಿಗೆ ಬಾವಿಯಲ್ಲಿ ನೀರಿದ್ದರೂ ಸೇದಲು ಕೊಡವಿಲ್ಲ.

2001ರ ಜನವರಿ 26ರಂದು ಗುಜರಾತಿನ ಕಛ್‌ನಲ್ಲಿ ಬೇರೆ ಕಷ್ಟ. ಕೊಳವೆಬಾವಿ, ಪೈಪ್‌ಲೈನ್ ಕೆಟ್ಟು ನೂರಾರು ಹಳ್ಳಿಗಳ ಜನ ಟ್ಯಾಂಕರ್ ಕಾಯಬೇಕಾಯಿತು. ನಮ್ಮ ಇಂದಿನ ಸ್ಥಿತಿಗೆ ಹತ್ತಿರದ್ದು ಇದೇ.

ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ಅದೂ ಮನೆಯಿಂದ 500 ಮೀಟರ್ ಒಳಗೆ ಸಿಗಬೇಕು ಎನ್ನುವುದು ವಿಪತ್ತಿನ ಸಮಯಕ್ಕೆ ಜಗತ್ತಿನ ಪರಿಹಾರ ಸಂಸ್ಥೆಗಳು ಇಟ್ಟುಕೊಂಡ ಅಳತೆ. ಐದು ಜನರ ಮನೆಗೆ 75 ಲೀಟರ್. 15 ಲೀಟರಿನ ಕೊಡವಾದರೆ ಐದು ಸಲ ಹೋಗಿ ಬರಬೇಕು. 500 ಮೀಟರ್ ದೂರವಿದ್ದರೆ ಒಟ್ಟು ಐದು ಕಿಲೋಮೀಟರ್ ನಡಿಗೆ, ಅದರಲ್ಲಿ ಅರ್ಧ ದಾರಿ 15 ಕೆ.ಜಿ. ಹೊತ್ತು. ಈ ಹೊರೆ ಯಾರ ತಲೆ, ಯಾರ ಸೊಂಟದ ಮೇಲೆ ಬೀಳುತ್ತದೆ ಎಂದು ನಮ್ಮ ಅಕ್ಕತಂಗಿಯರಿಗೆ ಹೇಳಬೇಕಿಲ್ಲ.

ಕಿಲ್ಲಾರಿ ಸುತ್ತಲಿನ 52 ಊರುಗಳನ್ನು ಬೇರೆ ಜಾಗದಲ್ಲಿ ಕಟ್ಟಿದರು. ಅಗಲ ಬೀದಿ, ದೊಡ್ಡ ನಿವೇಶನ. ಊರು ಹಲವು ಪಟ್ಟು ಹರಡಿಕೊಂಡಿತು. ಬೀದಿ ಉದ್ದವಾದಷ್ಟೂ ಪೈಪ್ ಉದ್ದ, ರಿಪೇರಿ ಖರ್ಚೂ ಜಾಸ್ತಿ. ಹಳೆಯ ಬಾವಿಗಳು ಹಳೆಯ ಊರಲ್ಲೇ ಉಳಿದವು.

ಆಮೇಲೆ ನಕ್ಷೆಯೂ ಬದಲಾಯಿತು. 2002ರ ನಕ್ಷೆಯಲ್ಲಿ 1ನೇ ವಲಯವನ್ನೇ ತೆಗೆದುಹಾಕಿದರು. ದಾವಣಗೆರೆಗೆ ಸಿಕ್ಕಿದ್ದು 2ನೇ ವಲಯ. ಅಪಾಯ ಕಡಿಮೆ ಎಂದು ಅರ್ಥ, ಇಲ್ಲವೇ ಇಲ್ಲ ಎಂದಲ್ಲ.

ಹೆದರಿಸಲು ಇದನ್ನು ಬರೆಯುತ್ತಿಲ್ಲ. ನಲ್ಲಿ ಬಂದ ಮೇಲೆ ನಾವು ಸೇದುವ ಬಾವಿಗೆ ಕಸ ಸುರಿದೆವು, ಕೆಲವನ್ನು ಮುಚ್ಚಿಯೂ ಬಿಟ್ಟೆವು. ನಿಮ್ಮ ಊರಲ್ಲಿ ಇನ್ನೂ ಒಂದು ಬಾವಿ ಉಳಿದಿದ್ದರೆ ಹೂಳು ತೆಗೆಸಿ, ಕಟ್ಟೆ ಭದ್ರ ಮಾಡಿ, ಮೇಲೆ ಜಾಲರಿ ಹಾಕಿಸಿ. ಹಗ್ಗ, ಬಿಂದಿಗೆ ಬಯಲಿಗೆ ಹತ್ತಿರ ಇರಲಿ. ಭೂಕಂಪವಾದರೆ ಬಾವಿ ನೀರು ಕದಡುತ್ತದೆ, ಕೆಲವೊಮ್ಮೆ ಮಟ್ಟವೂ ಇಳಿಯುತ್ತದೆ. ತಿಳಿಯಾಗಲು ಬಿಟ್ಟು, ಸೋಸಿ, ಕುದಿಸಿಯೇ ಕುಡಿಯಬೇಕು.

ಭೂಕಂಪ ಬಾರದಿದ್ದರೆ ನಷ್ಟವೇನಿಲ್ಲ. ಬೇಸಿಗೆಯಲ್ಲಿ ನಾಲೆ ನಿಂತು, ಬೋರ್ ಬತ್ತಿದಾಗಲೂ ಅದೇ ಬಾವಿ ಊರಿಗೆ ಆಗುತ್ತದೆ.