ಎದುರು ಮೇಳ ಇರಬೇಕು

ನಮ್ಮ ಜತ್ತ ಭಾಗದಾಗ ಹರದೇಶಿ-ನಾಗೇಶಿ ಹಾಡಕಿ ಗೊತ್ತಿಲ್ಲದವರು ಕಡಿಮೆ. ಒಂದು ಮೇಳ ಸವಾಲು ಹಾಕಬೇಕು, ಇನ್ನೊಂದು ಜವಾಬು ಕೊಡಬೇಕು. ಎದುರು ಮೇಳದ ಬಾಯಿ ಕಟ್ಟಿದರ ಹಾಡಕಿ ಅಲ್ಲಿಗೇ ಮುಗೀತು. ರಾಜ್ಯದ ಕಾರಭಾರವೂ ಹಾಂಗೇ ಅಂತ ನಾನು ತಿಳಿದಿದ್ದೇನೆ. ಏಳನೇ ಇಯತ್ತೆ ಕಲಿತವ ನಾನು, ತಪ್ಪಿದ್ದರೆ ಗುರುಗಳು ತಿದ್ದಬೇಕು.

ನಮ್ಮ ಮಗ್ಗುಲಿನ ಆಟಪಾಡಿ ಮೊದಲು ಔಂಧ ಸಂಸ್ಥಾನಕ್ಕೆ ಸೇರಿತ್ತು. ವಿಜಾಪುರ ಕಡೆಯ ಗುಣದಾಳವೂ ಅದರದ್ದೇ. ಅಲ್ಲಿಯ ರಾಜರು ಭವಾನರಾವ ಪಂತ ಪ್ರತಿನಿಧಿ, ಸೂರ್ಯನಮಸ್ಕಾರದ ಪ್ರಚಾರ ಮಾಡಿದವರು. ಅವರ ಮಗ ಅಪ್ಪಾ ಪಂತ ಮತ್ತು ಬೆಂಗಳೂರಲ್ಲಿ ಕೆಲಸ ಮಾಡಿದ್ದ ಪೋಲಂಡ ದೇಶದ ಇಂಜಿನಿಯರ ಮಾರಿಸ್ ಫ್ರೀಡ್‌ಮನ್, ಇಬ್ಬರೂ ಗಾಂಧೀಜಿಯವರ ಸಲಹೆ ತಗೊಂಡು ಒಂದು ರಾಜ್ಯಘಟನೆ ಸಿದ್ಧ ಮಾಡಿದರು. 1939ರಲ್ಲಿ ರಾಜರು ತಾವಾಗಿ ಅಧಿಕಾರ ಪ್ರಜೆಗಳ ಕೈಗೆ ಕೊಟ್ಟರು. ಹಳ್ಳಿಯವರು ಪಂಚರನ್ನು ಆರಿಸಬೇಕು, ಅದರ ಮೇಲೆ ತಾಲೂಕು ಪಂಚಾಯಿತಿ, ಅದರ ಮೇಲೆ ವಿಧಾನಸಭೆ.

ರಾಜ ಒಳ್ಳೆಯವ ಇದ್ದ, ಖರೆ. ಆದರೆ ಅದೊಂದೇ ಕಾರಣ ಅಲ್ಲ. ಆಗ ಸಂಸ್ಥಾನಗಳ ಜನ ಎದ್ದು ನಿಂತಿದ್ದರು. 1938ರಲ್ಲಿ ಮೈಸೂರು ಸಂಸ್ಥಾನದ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಕೂಡಿದವರ ಮೇಲೆ ಗುಂಡು ಹಾರಿತ್ತು. ಕೆಳಗಿನಿಂದ ಒತ್ತು ಬಿದ್ದಾಗ ಮೇಲಿನವರ ಮುಷ್ಟಿ ಸಡಿಲಾಗುತ್ತದೆ. 1948ರಲ್ಲಿ ಔಂಧವೂ ನಮ್ಮ ಡಫಳೆಯವರ ಜತ್ತವೂ ಮುಂಬೈ ಪ್ರಾಂತಕ್ಕೆ ಸೇರಿದವು. ಔಂಧದ ಆ ಘಟನೆ ಅಲ್ಲಿಗೇ ನಿಂತಿತು. ಮುಂದೆ ಇಡೀ ದೇಶಕ್ಕೇ ಒಂದು ಘಟನೆ ಬಂತು, ಎಲ್ಲರಿಗೂ ಮತ ಬಂತು.

ಇದ್ದದ್ದು ಹೋಗುವುದು ಹೆಂಗ? ಅದನ್ನು ನಾನೇ ಕಂಡಿದ್ದೇನೆ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ವಿರೋಧಿಗಳು ಜೇಲಿಗೆ ಹೋದರು, ಪತ್ರಿಕೆಗಳಿಗೆ ಕತ್ತರಿ ಬಿತ್ತು. ಸುಪ್ರೀಂ ಕೋರ್ಟಿನ ಐವರಲ್ಲಿ ನ್ಯಾಯಮೂರ್ತಿ ಖನ್ನಾ ಒಬ್ಬರೇ ಜೇಲಿನವರ ಪರ ಬರೆದರು. ಲೋಕಸಭೆಯ ಐದು ವರ್ಷದ ಅವಧಿಯನ್ನು ಆರು ಮಾಡಿದರು. ಇದೆಲ್ಲ ಕಾಯ್ದೆಯ ಕಾಗದದ ಮೇಲೆಯೇ ನಡೆಯಿತು, ಇದನ್ನು ಮರೀಬಾರದು.

ಆ ವರ್ಷ ಜಾತ್ರಿಯೊಳಗ ನಮ್ಮ ಮೇಳ ಅರಸನನ್ನು ಬೈಯುವ ಒಂದು ಹಳೇ ಪದ ಬಿಟ್ಟು ಹಾಡಿತು. ಪೊಲೀಸರು ಬಂದಿರಲಿಲ್ಲ, ಯಾರೂ ಬೇಡ ಅಂದಿರಲಿಲ್ಲ. ನಮ್ಮ ಅಂಜಿಕೆಯೇ ನಮ್ಮ ಬಾಯಿ ಮುಚ್ಚಿತ್ತು. ನಾನು ಹಿಂದೆ ತಾಳ ಹಿಡಿದು ಸುಮ್ಮನೆ ನಿಂತಿದ್ದೆ.

1977ರ ಮಾರ್ಚಿನಲ್ಲಿ ಚುನಾವಣೆ ನಡೆದಾಗ ಓದು ಬರಹ ಇಲ್ಲದ ಜನವೂ ಶಿಕ್ಕಾ ಒತ್ತಿ ಸರ್ಕಾರ ಬದಲಿ ಮಾಡಿದರು. ಸ್ವತಃ ಪ್ರಧಾನಿ ಇಂದಿರಾ ಗಾಂಧಿ ರಾಯಬರೇಲಿಯಲ್ಲಿ ಸೋತರು. ಎದುರು ಮೇಳ ಮತ್ತೆ ದನಿ ಎತ್ತಿತು.

ಈಗ ಒಂದು ಮಾತು. ಹೋದ ವರ್ಷ ಗ್ರಾಮಸಭೆಯ ರಜಿಸ್ಟರು ಮನೆಗೇ ಬಂತು. ಸಭೆ ನಡೆದಿರಲಿಲ್ಲ. ಹೊಲಕ್ಕೆ ನೀರು ಬಿಡುವ ಅವಸರದಾಗ ನಾನೂ ಸಹಿ ಹಾಕಿದೆ. ರಾತ್ರಿ ನಿದ್ದಿ ಬರಲಿಲ್ಲ. ಔಂಧದ ರಾಜ ಕೇಳದೆಯೇ ಕೊಟ್ಟ, ನಾನು ಕೇಳದೆಯೇ ಬಿಟ್ಟುಕೊಟ್ಟೆ. ಇನ್ನು ಮುಂದೆ ರಜಿಸ್ಟರು ಬಂದರೆ, ಸಭೆ ಎಲ್ಲಿ ಅಂತ ಮೊದಲು ಕೇಳುತ್ತೇನೆ. ನೀವೂ ಕೇಳ್ರಿ.